ಬಣ್ಣ ಹಚ್ಚದ ಕುರಿ

ಪರಸಪ್ಪ ಕಾಕಾ ಅವರ ಅಂಗಡಿಯ ಗೂಡಿನಲ್ಲಿ ಹಲ್ಲಿನ ಗುರುತು ಬಿದ್ದ ಒಂದು ಮಾವಿನ ಹಣ್ಣು ಇತ್ತು. ಕಟ್ಟಿಗೆಯ ಹಣ್ಣು. ತೊಟ್ಟಿನ ಹತ್ತಿರ ಹಸಿರು, ಕೆಳಗಿಳಿದಂತೆ ಹಳದಿ, ಒಂದು ಮಗ್ಗುಲಿಗೆ ಬಿಸಿಲು ಬಡಿದಂಥ ಕೆಂಪು. ಆ ಕೆಂಪಿನ ಮೇಲೆಯೇ ಮೂರು ಹಲ್ಲು ಮೇಲೆ, ಎರಡು ಹಲ್ಲು ಕೆಳಗೆ ಮೂಡಿದ್ದವು. ಹುಕ್ಕೇರಿಯ ಜೈನ ಸಾವುಕಾರರೊಬ್ಬರು ಮಗಳ ಮದುವೆಗೆಂದು ಗೊಂಬೆ ಆರಿಸಲು ಗೋಕಾಕಕ್ಕೆ ಬಂದವರು, ಒಂದು ಬಿಟ್ಟು ಇನ್ನೊಂದು ನೋಡುತ್ತ ಹೊತ್ತು ಹೋದದ್ದನ್ನೇ ಮರೆತಿದ್ದರಂತೆ. ಸೂರ್ಯ ಮುಳುಗಿದರೆ ಆ ದಿನ ಮತ್ತೆ ಊಟವಿಲ್ಲ. ಅವಸರದಲ್ಲಿ ಬುಟ್ಟಿಗೆ ಕೈ ಹಾಕಿ ಸಿಕ್ಕಿದ್ದನ್ನು ಕಚ್ಚಿಬಿಟ್ಟಿದ್ದರು. ಕಾಕಾ ಆ ಹಣ್ಣಿಗೆ ಮತ್ತೆ ಬಣ್ಣ ಹಚ್ಚಲಿಲ್ಲ, ಮಾರಲೂ ಇಲ್ಲ. ಅಂಗಡಿಗೆ ಬಂದವರಿಗೆಲ್ಲ ಕೈಗೆ ಕೊಟ್ಟು ತೋರಿಸುವರು.

“ನಾ ಸಾಲಿ ಕಲತಾಂವಲ್ರಿ. ಸರ್ಟಿಫಿಕೇಟ್ ಇಲ್ಲ. ಇದ ನನ್ನ ಸರ್ಟಿಫಿಕೇಟ್. ಹುಕ್ಕೇರಿ ಸಾವಕಾರ್ರ ಸಹಿ ಐತಿ ನೋಡ್ರಿ, ಐದು ಹಲ್ಲಿಂದು.”

ಕಾಕಾ ಜೀನಗಾರರು. ಅವರ ಓಣಿಯಲ್ಲಿ ಮನೆಮನೆಯಲ್ಲೂ ಗೊಂಬೆ ಮಾಡುತ್ತಿದ್ದರು, ಆದರೆ ಹಣ್ಣು ಕಾಯಿಯ ಮಾತು ಬಂದರೆ ಎಲ್ಲರೂ ಇವರ ಬಾಗಿಲನ್ನೇ ತೋರಿಸುತ್ತಿದ್ದರು. ಒಣಕಲು ದೇಹ, ಮುಂದಕ್ಕೆ ಬಾಗಿದ ಕುತ್ತಿಗೆ, ಎಡಗೈ ಹೆಬ್ಬೆರಳ ಉಗುರಿನ ಮೇಲೆ ಯಾವತ್ತೂ ನಾಲ್ಕೈದು ಬಣ್ಣ. ಕುಂಚದ ಮೊನೆಯನ್ನು ಆ ಉಗುರಿಗೆ ಒತ್ತಿ ನೋಡಿ ಆಮೇಲೆಯೇ ಗೊಂಬೆಗೆ ಮುಟ್ಟಿಸುವರು. ಕೂಡುವುದು ಬಾಗಿಲಿಗೆ ಬೆನ್ನು ಮಾಡಿ. ಗಿರಾಕಿ ಬಂದರೆ ಹೊರಳಿ ನೋಡುತ್ತಿರಲಿಲ್ಲ, ನೆರಳಿನಿಂದಲೇ ಗುರುತು ಹಿಡಿದು ಮಾತಾಡಿಸುತ್ತಿದ್ದರು. “ಬೆಳಕು ಹಿಂದಿಂದ ಬಂದು ಗೊಂಬಿ ಮ್ಯಾಲೆ ಬೀಳಬೇಕು. ಮುಂದಿಂದ ಬಂದ್ರ ಕಣ್ಣಿಗೆ ಹೊಡೀತೈತಿ” ಎನ್ನುವರು. ಅವರ ಅಪ್ಪನೂ ಹಾಗೆಯೇ ಕೂಡುತ್ತಿದ್ದರಂತೆ, ಅದೇ ಮಣೆಯ ಮೇಲೆ.

ನನಗೆ ಅವರ ಪರಿಚಯ ಆದದ್ದು ಕ್ರಿಸ್ಮಸ್ಸಿನ ಗೋದಲಿಯಿಂದ. ಗೋಕಾಕದಿಂದ ಘಟಪ್ರಭಾ ಸ್ಟೇಶನ್ನಿಗೆ ಹೋಗುವ ದಾರಿಯ ಬದಿಗೆ ನಮ್ಮದೊಂದು ಸಣ್ಣ ಚರ್ಚು, ಅದರ ಆವಾರದಲ್ಲೇ ಹೆಣ್ಣುಮಕ್ಕಳ ಸಾಲೆ. ನಾನು ಆ ಸಾಲೆಗೆ ಹೊಸದಾಗಿ ಸೇರಿದ ಅಕ್ಕೋರು, ಇಪ್ಪತ್ತೆರಡರ ವಯಸ್ಸು. ಮಕ್ಕಳಿಗೆ ತೋರಿಸಲು ಕೂಸು ಯೇಸು, ಮರಿಯಳು, ಯೋಸೇಫ, ದನ, ಕುರುಬರು, ಕಾಣಿಕೆ ತಂದ ಮೂವರು ಜ್ಞಾನಿಗಳು ಬೇಕೆಂದು ಕಾಕಾ ಅವರಿಗೆ ಹೇಳಿ ಬಂದಿದ್ದೆ. ಹೇಳಿದ ದಿನಕ್ಕೆ ಸರಿಯಾಗಿ ತಂದರು. ಮೂವರು ಜ್ಞಾನಿಗಳೂ ನಮ್ಮ ಪೇಟೆಯ ವ್ಯಾಪಾರಸ್ಥರಂತೆ ರುಮಾಲು ಸುತ್ತಿದ್ದರು. ಒಬ್ಬನ ಕೈಯಲ್ಲಿ ಬಂಗಾರ, ಒಬ್ಬನ ಕೈಯಲ್ಲಿ ಧೂಪ, ಮೂರನೆಯವನ ಕೈಯ ತಾಟಿನಲ್ಲಿ ಕರದಂಟು, ಮಗ್ಗುಲಿಗೆ ನಾಲ್ಕು ಉತ್ತತ್ತಿ.

“ಕಾಕಾ, ಮೂರನೇದು ಬೋಳ, ಆ ಸುವಾಸನಿ ಅಂಟು ಅಂತ ಹೇಳಿದ್ದೆನಲ್ಲ?”

“ಹೇಳಿದ್ರಿ. ಅದು ಕಹಿ ಇರತೈತ್ರಿ ಅಕ್ಕೋರ. ನಿನ್ನೆ ಹಡದ ಬಾಣಂತಿ ಆಕಿ. ನೋಡಾಕ ಬಂದಾವ್ರು ಬಂಗಾರ, ಧೂಪಾ ಕೊಟ್ರ ಏನ ತಿಂತಾಳ? ಮೂರು ಮಂದ್ಯಾಗ ಒಬ್ಬಗರ ಬುದ್ಧಿ ಬ್ಯಾಡ್ರಿ?”

ಜ್ಞಾನಿಯ ತಾಟಿನಲ್ಲಿ ಕರದಂಟು ಹಾಗೆಯೇ ಉಳಿಯಿತು. ಈಗಲೂ ಆ ಸಾಲೆಯ ಕಪಾಟಿನಲ್ಲಿದೆ.

ಇನ್ನು ಚರ್ಚಿನ ಕಿಟಕಿಯ ಮಾತು. ಪೂರ್ವದ ಗೋಡೆಗೆ ಬಣ್ಣಗಾಜಿನ ಉದ್ದನೆಯ ಕಿಟಕಿಯೊಂದಿತ್ತು. ಹಿಂದೆ ಈ ಕಡೆ ಇದ್ದ ಒಬ್ಬ ದೊರೆಸಾನಿ ತೀರಿಹೋದ ಗಂಡನ ನೆನಪಿಗೆ ವಿಲಾಯಿತಿಯಿಂದ ತರಿಸಿ ಕೂಡಿಸಿದ್ದು. ಅದರಲ್ಲಿ ಮನುಷ್ಯರ ಮುಖ ಒಂದೂ ಇರಲಿಲ್ಲ, ಬರೀ ಗುರುತಿನ ಚಿತ್ರಗಳು. ಎಡಕ್ಕೆ ದ್ರಾಕ್ಷಿಬಳ್ಳಿ, ಅದರ ಬುಡದಲ್ಲಿ ಎರಡು ಮೀನು. ಬಲಕ್ಕೆ ಎದೆಯನ್ನು ತಾನೇ ಕುಕ್ಕಿಕೊಂಡು ಮರಿಗಳಿಗೆ ರಕ್ತ ಕುಡಿಸುವ ಒಂದು ದೊಡ್ಡ ಕೊಕ್ಕಿನ ಹಕ್ಕಿ. ನಡುವೆ ಮೇಲೆ ಪಾರಿವಾಳ, ಅದರ ಕೆಳಗೆ ಶಿಲುಬೆ, ಎಲ್ಲಕ್ಕೂ ಕೆಳಗೆ ಮುಂಗಾಲಿನಲ್ಲಿ ಧ್ವಜ ಹಿಡಿದು ನಿಂತ ಬಿಳಿ ಕುರಿಮರಿ. ಕುರಿಯ ಎದೆಯ ಮೇಲೆ ಒಂದು ಹನಿ ಕೆಂಪು. ಮುಂಜಾನೆಯ ಆರಾಧನೆಯ ಹೊತ್ತಿಗೆ ಸೂರ್ಯ ಸರಿಯಾಗಿ ಅದರ ಹಿಂದೆ ಬರುತ್ತಿದ್ದ. ಬಣ್ಣವೆಲ್ಲ ಇಳಿದು ಬಂದು ನೆಲದ ಮೇಲೆ ಬೀಳುತ್ತಿತ್ತು.

ಆ ಕುರಿಯನ್ನು ಒಡೆದವಳು ನಾನು.

ನಮ್ಮಪ್ಪ ಇದ್ದಾಗ ಚರ್ಚಿನ ಗಂಟೆ, ಕೀಲಿಕೈ, ಕಸ, ದೀಪ ಎಲ್ಲ ಅವರದೇ. ಅದಕ್ಕಾಗಿ ಆವಾರದಲ್ಲಿ ಎರಡು ಕೋಣೆಯ ಮನೆ ಕೊಟ್ಟಿದ್ದರು. ಅಪ್ಪ ಹೋದ ಮೇಲೆ ಆ ಕೆಲಸ ನಾನು ನೋಡಿಕೊಳ್ಳುತ್ತೇನೆ ಎಂದು ಒಪ್ಪಿದ್ದರಿಂದ ನನಗೂ ಅವ್ವನಿಗೂ ಮನೆ ಉಳಿದಿತ್ತು. ಸಭೆಯ ಹಿರಿಯರಲ್ಲಿ ದಾನಿಯೇಲ ಮಾಸ್ತರರಿಗೆ ಇದು ಸರಿಬಂದಿರಲಿಲ್ಲ. ಅವರ ಅಳಿಯ ಮನೆಯಿಲ್ಲದೆ ಕೂತಿದ್ದ. ಹೆಣ್ಣುಮಗಳಿಗೆ ಚರ್ಚಿನ ಕೀಲಿ ಯಾಕೆ ಎಂದು ಅವರು ಪ್ರತಿ ಕಮಿಟಿಯಲ್ಲಿ ಕೇಳುತ್ತಿದ್ದರು. ಹೀಗಿರುವಾಗ ಒಂದು ಶುಕ್ರವಾರ ಜೇಡರ ಬಲೆ ತೆಗೆಯಲು ಬಿದಿರಗಳಕ್ಕೆ ಕಸಬರಿಗೆ ಕಟ್ಟಿ ಎತ್ತಿದ್ದೆ. ಗಳ ಕೈ ಜಾರಿತು. ಸಪ್ಪಳ ದೊಡ್ಡದೇನೂ ಆಗಲಿಲ್ಲ. ನೋಡಿದರೆ ಕುರಿ ಇದ್ದ ಜಾಗದಲ್ಲಿ ಹೊರಗಿನ ಬೇವಿನ ಮರ ಕಾಣುತ್ತಿತ್ತು.

ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಚರ್ಚಿನ ಪಾದ್ರಿ ಅಯ್ಯನವರ ಹತ್ತಿರ ಹೋದೆ. ಅಯ್ಯನವರು ಒಳ್ಳೆಯವರು, ಗಟ್ಟಿಯವರಲ್ಲ. “ಇನ್ನ ಹದಿನೈದು ದಿವಸಕ್ಕ ದೊಡ್ಡ ಪಾದ್ರಿ ಸಾಹೇಬ್ರು ಬರ್ತಾರವ್ವಾ. ಅಷ್ಟರಾಗ ಏನರ ಮಾಡು. ಇಲ್ಲಂದ್ರ ದಾನಿಯೇಲ ಮಾಸ್ತರ ಬಾಯಿ ನಾ ಹಿಡಿಯಾಂವಲ್ಲ” ಎಂದರು. ಆಗ ಎರಡನೇ ಮಹಾಯುದ್ಧ ನಡೆದಿತ್ತು. ವಿಲಾಯಿತಿಯಿಂದ ಸೂಜಿ ಸಹ ಬರುತ್ತಿರಲಿಲ್ಲ, ಗಾಜು ಎಲ್ಲಿಂದ ಬಂದೀತು? ಅವ್ವ ಆ ದಿನ ಒಲೆ ಹೊತ್ತಿಸಲಿಲ್ಲ. ಮೂಲೆಯಲ್ಲಿ ಕೂತು ಎಲ್ಲಿಗೆ ಹೋಗೋಣ, ಯಾರ ಬಾಗಿಲಿಗೆ ಹೋಗೋಣ ಎಂದು ಒಂದೇ ಸಮನೆ ಕೇಳುತ್ತಿದ್ದಳು. ನನಗೆ ಗೊತ್ತಿದ್ದ ಬಣ್ಣದ ಮನುಷ್ಯ ಒಬ್ಬರೇ. ಮರುದಿನ ಮುಂಜಾನೆ ಚೂರುಗಳ ಗಂಟು ಹಿಡಿದು ಅವರ ಅಂಗಡಿಯ ಮುಂದೆ ನಿಂತೆ.

“ಬರ್ರಿ ಅಕ್ಕೋರ. ನೆರಳ ನಡಗಾಕತ್ತೈತಿ. ಏನಾತು?” ಎಂದರು ಕಾಕಾ, ಹೊರಳದೆಯೇ.

ಕೆಲಸ ಒಪ್ಪುವ ಮೊದಲು ಕಿಟಕಿ ನೋಡಬೇಕೆಂದು ಬಂದರು. ನಡುಮಧ್ಯಾಹ್ನ, ಚರ್ಚಿನಲ್ಲಿ ಯಾರೂ ಇರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ರುಮಾಲು ಸರಿಮಾಡಿಕೊಂಡು, ಒಂದೊಂದೇ ಚಿತ್ರದ ಮುಂದೆ ನಿಂತು ವಿಚಾರಿಸತೊಡಗಿದರು.

“ದೇವರ ಮನ್ಯಾಗ ಮೀನ ಯಾಕ್ರಿ?”

ಮೊದಲಿನ ಕಾಲದ ಭಕ್ತರಿಗೆ ರಾಜರ ಕಾಟ ಇತ್ತು, ಬಾಯಿ ಬಿಟ್ಟು ಹೇಳುವಂತಿರಲಿಲ್ಲ, ಮೀನಿನ ಗೆರೆ ಎಳೆದು ನಾನೂ ನಿಮ್ಮವನೇ ಎಂದು ತಿಳಿಸುತ್ತಿದ್ದರು ಎಂದೆ.

“ಹಂಗನ್ರಿ. ನಮ್ಮ ಕೆಲಸಾನೂ ಅದ. ಸಿಂಹಾ ಬರದ್ರ ದೇವಿ ಬಂದ್ಲು, ಬಸವಣ್ಣನ್ನ ಬರದ್ರ ಶಿವಾ ಬಂದಾ.” ಆಮೇಲೆ ಬಲಗಡೆಯ ಹಕ್ಕಿಯನ್ನು ಬಹಳ ಹೊತ್ತು ನೋಡಿದರು. “ಇದು ನಮ್ಮ ಧುಪದಾಳ ಒಡ್ಡಿನ ನೀರಿಗೆ ಬರೂ ಹಕ್ಕಿ. ಕೊಕ್ಕಿನ ಕೆಳಗ ಚೀಲಾ ಇರತೈತಿ. ಮೀನ ತುಂಬಕೊಂಡು ಬಂದು ಮರಿಗೆ ಹಾಕತೈತಿ, ಕಣ್ಣಾರೆ ನೋಡೇನಿ. ಎದಿ ಯಾವಾಗ ಕುಕ್ಕಿಕೊಂತ್ರಿ ಇದು?”

“ಅದು ಕತಿ ಕಾಕಾ. ತನ್ನ ರಕ್ತಾ ಕೊಟ್ಟು ಮರಿ ಉಳಸತೈತಿ ಅಂತ. ನಮ್ಮ ಸ್ವಾಮಿನೂ ಹಂಗ ಮಾಡಿದ್ರು ಅಂತ ಅರ್ಥ.”

ಕಾಕಾ ತಲೆ ಆಡಿಸಿದರು. “ಇರಬಹುದು. ಮರಿಗೆ ಹಾಕೂವಾಗ ಕೊಕ್ಕ ಎದಿಗೆ ಒತ್ತಿ ಹಿಡೀತೈತಿ. ದೂರಿಂದ ನೋಡಿದಾಂವ ಹಂಗ ತಿಳದಾನು. ಆದ್ರೂ ಈ ಕಡೆ ಮೀನಾ, ಆ ಕಡೆ ಮೀನ ತಿನ್ನೂ ಹಕ್ಕಿ ಇಟ್ಟಾರಲ್ರಿ! ನಡುವ ನಿಂತ ಕುರಿ ಪಾಡು ಯಾರಿಗೆ ಬೇಕು.”

ಅಷ್ಟು ಚಿಂತೆಯಲ್ಲೂ ನನಗೆ ನಗು ಬಂತು. ಅವರು ನಗಲಿಲ್ಲ. ಗೋಣಿತಾಟು ಕಟ್ಟಿದ ಖಾಲಿ ಜಾಗದ ಮುಂದೆ ನಿಂತಿದ್ದರು.

“ಕುರಿ ನಿಮ್ಮ ಸ್ವಾಮಿ ವಾಹನೇನ್ರಿ?”

“ಅಲ್ಲ ಕಾಕಾ. ಕುರಿನ ಅವರು.”

“ಕುರಿನ?”

“ಕೊಯ್ಯಾಕ ಒಯ್ದ ಕುರಿ. ಸತ್ತು, ಎದ್ದು, ಗೆದ್ದು ನಿಂತದ್ದು. ಅದಕ್ಕ ಕೈಯಾಗ ಧ್ವಜಾ.”

ಕಾಕಾ ಸಿಂಹ, ಹುಲಿ, ಗರುಡ, ನವಿಲು, ಇಲಿ ಎಲ್ಲವನ್ನೂ ದೇವರ ಕೆಳಗೆ ಕೂಡಿಸಿ ರೂಢಿ ಇದ್ದವರು. ಕುರಿಯೇ ದೇವರು, ಅದೂ ಕಟುಕನ ಕೈಗೆ ಹೋದ ಕುರಿ, ಎಂಬುದನ್ನು ಮನಸ್ಸಿನೊಳಗೆ ಕೂಡಿಸಿಕೊಳ್ಳಲು ಅವರಿಗೆ ಸಮಯ ಬೇಕಾಯಿತು. ಕೊನೆಗೆ, “ಬಣ್ಣಾ? ನಮ್ಮ ಕಡೆ ಕುರಿ ಎಲ್ಲಾ ಕರಿವು” ಎಂದರು. ಬಿಳಿಯೇ ಬೇಕು, ಕಲೆ ಇಲ್ಲದ್ದು ಎಂದು ಅದರ ಅರ್ಥ ಎಂದೆ.

“ಬಿಳಿ ನನಗ ಬಿಡ್ರಿ. ಬಿಳಿ ಹಚ್ಚೂದ್ರಾಗ ನನ್ನ ಮೀರಸಾವ್ರು ಈ ಓಣ್ಯಾಗ ಯಾರೂ ಇಲ್ಲ.”

ಅದು ಸುಳ್ಳಲ್ಲ. ಗೋಕಾಕದ ಗೊಂಬೆಯ ಜೀವವೇ ಬಿಳಿಯಲ್ಲಿದೆ. ಕಟ್ಟಿಗೆಯ ಮೇಲೆ ಹುಣಸೆಬೀಜದ ಅಂಟು ಕಲಸಿದ ಬಿಳಿಮಣ್ಣನ್ನು ಎರಡು ಮೂರು ಸಲ ಬಳಿದು, ಉಜ್ಜಿ ನುಣುಪು ಮಾಡಿದ ಮೇಲೆಯೇ ಬೇರೆ ಬಣ್ಣ. ಬುನಾದಿ ಬಿಳಿ ಇದ್ದರೆ ಮೇಲಿನದು ಹೊಳೆಯುತ್ತದೆ. ಕಾಕಾ ಮೂಡಲಗಿ ಸಂತೆಗೆ ಹೋಗಿ ಪಟಕ್ಕೆ ಚೌಕಟ್ಟು ಕಟ್ಟುವವನಿಂದ ಗಾಜು ತಂದರು. ಅಲ್ಲಿಂದ ಹಾಗೆಯೇ ಕುಲಗೋಡಕ್ಕೆ ಹೋಗಿ ಒಂದು ಹಗಲೆಲ್ಲ ಕುರಿಹಟ್ಟಿಯಲ್ಲಿ ಕೂತು ಬಂದರು. ಮರಿ ಮುಂಗಾಲು ಎತ್ತಿದರೆ ಮೊಣಕಾಲು ಹೇಗೆ ಮಡಚುತ್ತದೆ ನೋಡಬೇಕಿತ್ತಂತೆ. ಕುರಿ ಧ್ವಜ ಹಿಡಿಯುವ ಸಂಗತಿ ಕೇಳಿ ಅಲ್ಲಿನ ಮುದುಕ ಕುರುಬ, “ಕುರಿನ ಕೋಲ ಹಿಡದ ಮ್ಯಾಲೆ ನಾ ಏನ ಹಿಡೀಲೋ ಪರಸಪ್ಪಾ?” ಎಂದು ಕೇಳಿದನೆಂದು ಬಂದು ಹೇಳಿದರು.

ಎಂಟನೆಯ ದಿನ, ಶನಿವಾರ ಹೊತ್ತು ಮುಳುಗುವಾಗ ಗಾಜು ತಂದು ಸೀಸದ ಪಟ್ಟಿಯೊಳಗೆ ಕೂಡಿಸಿದರು. ಚರ್ಚಿನೊಳಗೆ ಎರಡು ಕಂದೀಲು ಹಚ್ಚಿ ಎತ್ತಿ ಹಿಡಿದೆವು. ಕುರಿ ಹಾಲಿನಷ್ಟು ಬೆಳ್ಳಗೆ ಹೊಳೆಯುತ್ತಿತ್ತು. ಉಣ್ಣೆಯ ಒಂದೊಂದು ಸುರುಳಿಯೂ ಎದ್ದು ಕಾಣುತ್ತಿತ್ತು. ಅವ್ವ ಅತ್ತೇಬಿಟ್ಟಳು. ಅಯ್ಯನವರು ಕಾಕಾ ಅವರ ಕೈ ಹಿಡಿದು, ನಾಳೆ ಆರಾಧನೆಗೆ ನೀವೂ ಬರಬೇಕು, ಬಂದು ನಿಮ್ಮ ಕೆಲಸ ನೋಡಬೇಕು ಎಂದರು. ದೊಡ್ಡ ಪಾದ್ರಿಗಳು ಬರುವುದು ಅದರ ಮುಂದಿನ ವಾರ. ಅಂದು ನಾನು ಹೊಟ್ಟೆ ತುಂಬ ಉಂಡೆ.

ರವಿವಾರ ಮುಂಜಾನೆ ಕಾಕಾ ತೊಳೆದ ಧೋತರ ಉಟ್ಟು, ಕೆಂಪು ರುಮಾಲು ಸುತ್ತಿ ಬಂದು ಕೊನೆಯ ಬೆಂಚಿನಲ್ಲಿ ಕೂತರು. ಮೊದಲ ಹಾಡು ಮುಗಿಯುವ ಹೊತ್ತಿಗೆ ಸೂರ್ಯ ಬೇವಿನ ಮರ ದಾಟಿ ಕಿಟಕಿಯ ಹಿಂದೆ ಬಂದ. ದ್ರಾಕ್ಷಿ ಹೊಳೆಯಿತು, ಮೀನು ಹೊಳೆದವು, ಪಾರಿವಾಳ, ಶಿಲುಬೆ, ಹಕ್ಕಿ ಎಲ್ಲ ಹೊಳೆದವು. ಅವುಗಳ ನಟ್ಟನಡುವೆ ಇಜ್ಜಲಿನಂಥ ಕರಿ ಕುರಿ ಧ್ವಜ ಹಿಡಿದು ನಿಂತಿತ್ತು. ಹಿಂದಿನಿಂದ ಬೆಳಕು ಬಂದರೆ ಮೂರು ಸಲ ಬಳಿದ ಬಿಳಿಮಣ್ಣು ಗೋಡೆ ಇದ್ದಂತೆ. ಒಂದು ಎಳೆ ಬಿಸಿಲನ್ನೂ ಅದು ಒಳಗೆ ಬಿಟ್ಟಿರಲಿಲ್ಲ. ನೆಲದ ಮೇಲೆ ಬಿದ್ದ ಬಣ್ಣಗಳ ನಡುವೆಯೂ ಕುರಿಯ ಆಕಾರದ ನೆರಳೇ ಬಿದ್ದಿತ್ತು.

ಮಕ್ಕಳು ಕಿಸಕ್ಕೆಂದವು. ದಾನಿಯೇಲ ಮಾಸ್ತರರು ಎದ್ದು ನಿಂತು, “ಅಯ್ಯನವರ, ಲೋಕದ ಪಾಪಾ ಹೊರೂ ಕುರಿ ಅಂತ ಓದೇವಿ. ಇಷ್ಟ ಕರ್ರಗ ಆಗೂಮಟಾ ಹೊತ್ತಿದ್ದು ಇವತ್ತ ಕಂಡೇವಿ ನೋಡ್ರಿ” ಎಂದರು. ಸಭೆಯೆಲ್ಲ ನಕ್ಕಿತು. ಮಾಸ್ತರರ ಮಾತಿಗೆ ಜನ ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು. ಹೊರಳಿ ಕೊನೆಯ ಬೆಂಚನ್ನು ನೋಡುವ ಧೈರ್ಯ ನನಗೆ ಆಗಲಿಲ್ಲ.

ಎಲ್ಲರೂ ಹೋದ ಮೇಲೆ ಕಾಕಾ ಎದ್ದು ಬಂದರು. ಮೊದಲು ಗಾಜಿನ ಮುಂದೆ ಕೈ ಹಿಡಿದರು, ಆಮೇಲೆ ಹೊರಗೆ ಹೋಗಿ ಹಿಂದಿನಿಂದ ಕೈ ಹಿಡಿದರು. ಒಳಗೆ ಬಂದು ನೆಲದ ಮೇಲಿನ ಬಣ್ಣದಲ್ಲಿ ಕೂತುಬಿಟ್ಟರು. ಅವರ ಧೋತರದ ಮೇಲೆ ಕೆಂಪು, ನೀಲಿ ಬಿದ್ದಿತ್ತು.

“ಐವತ್ತು ವರ್ಷ ಬೆಳಕಿಗೆ ಬೆನ್ನ ಮಾಡಿ ಕುಂತೇನ್ರಿ ಅಕ್ಕೋರ. ಬೆಳಕು ಬಣ್ಣದ ಮ್ಯಾಲೆ ಬೀಳತೈತಿ ಅಂತಷ್ಟ ಗೊತ್ತಿತ್ತು. ಬಣ್ಣದಾಗ ಹಾದು ಬರತೈತಿ ಅಂತ ಗೊತ್ತ ಇರಲಿಲ್ಲ. ನಿಮ್ಮ ಮನಿ ಹೋಗೂ ಹಂಗ ಮಾಡಿದೆ ನಾ.”

ಆರು ದಿನ ಉಳಿದಿದ್ದವು. ಆ ಗಾಜನ್ನು ತೆಗೆಯುವಾಗ ಅಡ್ಡಕ್ಕೆ ಸೀಳಿತು. ಮೂಡಲಗಿಯವನ ಹತ್ತಿರ ಇದ್ದದ್ದು ಅದೊಂದೇ, ಗೋಕಾಕದ ಪೇಟೆಯಲ್ಲಿ ಆ ಅಳತೆಯದು ಸಿಗಲಿಲ್ಲ. ಮಂಗಳವಾರ ನಾನು ಅವರ ಮನೆಗೆ ಹೋದಾಗ ಕಾಕಾ ಸ್ಟೂಲಿನ ಮೇಲೆ ಹತ್ತಿ ಗೋಡೆಯಿಂದ ತುಳಜಾಭವಾನಿಯ ಪಟ ಇಳಿಸುತ್ತಿದ್ದರು. ಹೆಂಡತಿ ಗಂಗವ್ವ ಕಾಕು ಕೆಳಗೆ ನಿಂತು ಕೈ ಅಡ್ಡ ಹಿಡಿದಿದ್ದರು.

“ದೇವಿ ಪಟದ ಗಾಜಿಗೆ ಕೈ ಹಚ್ಚತೀರೇನು? ಧೂಳಾ ಬೀಳತೈತಿ ಆಕಿ ಮುಖದ ಮ್ಯಾಲೆ!”

“ಲಡಾಯಿ ಮುಗದ ಮ್ಯಾಲೆ ಅವರಿಗೆ ಹೊಸಾ ಗಾಜು ಬರತೈತಿ. ಇದನ್ನ ನಿನಗ ತಿರುಗಿ ತಂದು ಕೊಡತೇನಿ. ಅಲ್ಲಿಮಟಾ ಒಂದು ಅರಿವಿ ಹೊಚ್ಚು. ದೇವಿಗೆ ತಿಳೀತೈತಿ.”

“ದೇವಿಗೆ ತಿಳೀತೈತಿ. ನನಗ ತಿಳೀಬೇಕಲ್ಲಾ.”

ನಾನು ಬೇಡ ಕಾಕಾ, ಬೇರೆ ಏನಾದರೂ ನೋಡೋಣ ಎಂದೆ. ಗಂಗವ್ವ ಕಾಕು ನನ್ನ ಮುಖ ನೋಡಿದರು. ನಾನು ಹೇಗಿದ್ದೆನೋ ಗೊತ್ತಿಲ್ಲ. ತಾವೇ ಪಟದ ಹಿಂದಿನ ಮೊಳೆ ಕಿತ್ತು ಗಾಜು ತೆಗೆದು ಕೊಟ್ಟರು. ಕಿಟಕಿಯ ಅಳತೆಗೆ ಒಂದು ಬದಿಗೆ ಎರಡು ಬೆರಳು ಕತ್ತರಿಸಬೇಕಾಯಿತು. ಕತ್ತರಿಸುವಾಗ ಅವರು ಒಳಗೆ ಹೋದರು.

ಆ ವಾರ ಜೀನಗಾರ ಓಣಿಯವರು ಬಂದು ಬಂದು ನೋಡಿ ಹೋದರು. ಪರಸಪ್ಪ ಅಪ್ಪನ ಕಾಲದ ಮಣೆಯನ್ನು ಹೊರಳಿಸಿ ಬಾಗಿಲಿಗೆ ಮುಖ ಮಾಡಿ ಕೂತಿದ್ದ ಎಂಬುದೇ ಸುದ್ದಿ. ಕಾಕಾ ಗಾಜನ್ನು ಬಿಸಿಲಿಗೆ ಅಡ್ಡ ನಿಲ್ಲಿಸಿ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬಿಡದೆ, ಅರಗಿನ ಬಣ್ಣವನ್ನು ಕುದಿಸಿದ ಅಗಸೆ ಎಣ್ಣೆಯಲ್ಲಿ ತೆಳ್ಳಗೆ ಮಾಡಿ ಹಚ್ಚಿ ನೋಡುವರು, ಒರೆಸುವರು, ಮತ್ತೆ ಹಚ್ಚುವರು. ಹಿನ್ನೆಲೆಗೆ ಕೆಂಪು ಕೂತಿತು, ಕೆಳಗೆ ಹಸಿರು ಕೂತಿತು. ಬಿಳಿ ಮಾತ್ರ ಯಾವುದನ್ನು ಹಚ್ಚಿದರೂ ಮಸಕು. ಗುರುವಾರ ಸಂಜೆ ನಾನು ಹೋದಾಗ ಕುರಿ ಇರಬೇಕಾದ ಜಾಗ ಖಾಲಿ ಇತ್ತು. ಸುತ್ತಲೂ ಬಣ್ಣ, ಉಣ್ಣೆಗೆ ಕೂದಲೆಳೆಯಂಥ ಕರಿ ಗೆರೆಗಳು, ಒಂದು ಕಣ್ಣು, ಒಂದು ಗೊರಸು. ಉಳಿದದ್ದು ಬರೀ ಗಾಜು.

“ಇನ್ನ ಕುರಿ ಬಾಕಿ ಐತಲ್ಲ ಕಾಕಾ?”

“ಇಲ್ರಿ. ಮುಗೀತು.”

ಕಾಕಾ ಗಾಜನ್ನು ಎತ್ತಿ ಇಳಿಬಿಸಿಲಿಗೆ ಹಿಡಿದರು. ನಾನು ಹತ್ತಿರ ಹೋಗಿ ಇನ್ನೊಂದು ತುದಿ ಹಿಡಿದೆ.

ದೊಡ್ಡ ಪಾದ್ರಿಗಳು ಬಂದ ರವಿವಾರವೂ ಕಾಕಾ ಕೊನೆಯ ಬೆಂಚಿನಲ್ಲೇ ಕೂತಿದ್ದರು. ಈ ಸಲ ಹಳೆಯ ಧೋತರ. ಸೂರ್ಯ ಬೇವಿನ ಮರ ದಾಟಿದ. ಕೆಂಪಿನ ನಡುವೆ ಕುರಿ ಬೆಳಗಿತು. ವಿಲಾಯಿತಿಯ ಕುರಿಯೂ ಅಷ್ಟು ಬೆಳ್ಳಗೆ ಇರಲಿಲ್ಲ ಎಂದು ನನಗೆ ಅನಿಸಿತು, ಈಗಲೂ ಅನಿಸುತ್ತದೆ. ಆರಾಧನೆ ಮುಗಿದದ್ದೇ ದೊಡ್ಡ ಪಾದ್ರಿಗಳು ಕಿಟಕಿಯ ಹತ್ತಿರ ಹೋಗಿ ನಿಂತರು. ಪುಸ್ತಕದಿಂದ ಕಲಿತ ಕನ್ನಡ ಅವರದು. “ಈ ಕುರಿಮರಿಯು ಮೊದಲಿನದಲ್ಲ” ಎಂದರು. ದಾನಿಯೇಲ ಮಾಸ್ತರರು ಬಾಯಿ ತೆರೆಯುವುದರೊಳಗೆ ನಾನೇ ಎದ್ದು, “ನಾನು ಒಡೆದೆನು, ಅಯ್ಯಾ. ಗಳ ಜಾರಿತು” ಎಂದುಬಿಟ್ಟೆ. ಅವ್ವ ಹಿಂದಿನಿಂದ ನನ್ನ ಸೆರಗು ಹಿಡಿದದ್ದು ನೆನಪಿದೆ.

“ಇದನ್ನು ಮಾಡಿದವರು ಯಾರು?”

“ನಾನ್ರಿ ಸಾಹೇಬ್ರ” ಎಂದು ಕಾಕಾ ಎದ್ದರು.

“ಬಿಳಿ ಬಣ್ಣವನ್ನು ಏಕೆ ಹಚ್ಚಲಿಲ್ಲ?”

“ಒಮ್ಮೆ ಹಚ್ಚಿದ್ದೆರಿ, ಕರ್ರಗ ಆತು. ಬಿಸಲ ಬೆಳ್ಳಗ ಐತಲ್ರಿ. ನಾ ಬ್ಯಾರೆ ಬಿಳಿ ಎಲ್ಲಿಂದ ತರಲಿ?”

“ಎದೆಯ ಮೇಲೆ ರಕ್ತದ ಗುರುತು ಇತ್ತು. ಅದನ್ನೂ ಬಿಟ್ಟಿದ್ದೀರಿ.”

ಅದನ್ನು ನಾನು ಹೇಳಿದ್ದೆ, ಚೂರುಗಳಲ್ಲೂ ಇತ್ತು. ಕಾಕಾ ರುಮಾಲು ತೆಗೆದು ಕೈಯಲ್ಲಿ ಹಿಡಿದರು. “ಅದು ನನ್ನ ಕೈಲೆ ಆಗಲಿಲ್ರಿ. ಕುಂಚಾ ಎತ್ತಿದ್ದೆ. ಇಷ್ಟ ಬೆಳ್ಳಗ ಬಂದ ಕುರಿಗೆ ಮತ್ತ ಗಾಯಾ ಮಾಡೂದ ಯಾಕ ಅನಿಸ್ತು.”

ದೊಡ್ಡ ಪಾದ್ರಿಗಳು ಹೊಸ ಗಾಜು ಬರುವ ತನಕ ಇದೇ ಇರಲಿ ಎಂದರು. ಊಟದ ಹೊತ್ತಿಗೆ ದಾನಿಯೇಲ ಮಾಸ್ತರರು ಮನೆಯ ಮಾತು ತೆಗೆದಾಗ, ತಪ್ಪು ಮಾಡಿ ಹೇಳಿಕೊಂಡವಳ ಹತ್ತಿರ ಕೀಲಿಕೈ ಇದ್ದರೆ ಒಳ್ಳೆಯದೇ ಎಂದರಂತೆ. ಅಲ್ಲಿಗೆ ಆ ಮಾತು ನಿಂತಿತು. ಅವ್ವ ಸಾಯುವ ತನಕ ಅದೇ ಮನೆಯಲ್ಲಿ ಇದ್ದಳು.

ಅರಗಿನ ಬಣ್ಣ ಬಿಸಿಲಿಗೆ ಬಾಳುವುದಿಲ್ಲ. ವರುಷಕ್ಕೊಮ್ಮೆ ಕೆಂಪು ತೆಳುವಾಗಿ ಗುಲಾಬಿಯಾಗುತ್ತಿತ್ತು. ಕ್ರಿಸ್ಮಸ್ಸಿಗೆ ಎಂಟು ದಿನ ಮುಂಚೆ ಕಾಕಾ ತಾವಾಗಿಯೇ ಬಣ್ಣದ ಬಟ್ಟಲು ಹಿಡಿದು ಬಂದು ಏಣಿ ಹತ್ತುತ್ತಿದ್ದರು. ಸುತ್ತಲಿನ ಬಣ್ಣ ತಿದ್ದುವರು, ಕುರಿಯನ್ನು ಒದ್ದೆ ಬಟ್ಟೆಯಿಂದ ಒರೆಸುವರು. ನಾನು ಏಣಿ ಹಿಡಿದು ನಿಂತಿದ್ದರೂ ಕುಂಚ ಕೊಡುತ್ತಿರಲಿಲ್ಲ. “ಕುರಿಗೆ ಬಣ್ಣಾ ಮುಟ್ಟಸಬ್ಯಾಡ್ರಿ ಮತ್ತ, ನಾ ಇಲ್ಲದಾಗ” ಎಂದು ಪ್ರತಿ ಸಲ ಹೇಳುವರು. ಅಂಗಡಿಯಲ್ಲಿ ಮಣೆ ಮತ್ತೆ ಹಳೆಯ ದಿಕ್ಕಿಗೇ ಹೊರಳಿತ್ತು. ಗೊಂಬೆಗೆ ಆ ಬೆಳಕೇ ಬೇಕಲ್ಲ. ಗೋಡೆಯ ಮೇಲೆ ಭವಾನಿಯ ಪಟಕ್ಕೆ ಹಳದಿ ಅರಿವೆ ಹೊಚ್ಚಿತ್ತು. ಗಂಗವ್ವ ಕಾಕು ದಿನಾ ಮುಂಜಾನೆ ಅರಿವೆ ಸರಿಸಿ, ನವಿಲುಗರಿಯಿಂದ ದೇವಿಯ ಮುಖದ ಧೂಳು ತೆಗೆಯುತ್ತಿದ್ದರು. ಕಾಗದದ ಮೇಲೆ ಕುಂಕುಮ ಹಚ್ಚಿದರೆ ಹಾಳಾಗುತ್ತದೆಂದು ಗೋಡೆಗೆ ಹಚ್ಚುವರು. ನನ್ನನ್ನು ಕಂಡಾಗ ಒಂದು ಸಲವೂ ಗಾಜಿನ ಮಾತು ಎತ್ತಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಕೊನೆಯ ಸಲ ಕಾಕಾ ಚರ್ಚಿಗೆ ಬಂದಾಗ ಕಣ್ಣಿಗೆ ಪೊರೆ ಬಂದಿತ್ತು. ಏಣಿ ಹತ್ತಲು ನಾನು ಬಿಡಲಿಲ್ಲ. ಬಟ್ಟಲನ್ನು ಕೆಳಗಿಟ್ಟು ನೆಲದ ಮೇಲೆ ಕೂತು, “ಎಲ್ಲಿ ಬಿದ್ದೈತ್ರಿ ಕುರಿ?” ಎಂದು ಕೇಳಿದರು. ಅವರ ಕೈ ಹಿಡಿದು ಆ ಬೆಳಕಿನೊಳಗೆ ಇಟ್ಟೆ. ಅಂಗೈ ಮೇಲೆ ಮಾಡಿ ಸ್ವಲ್ಪ ಹೊತ್ತು ಹಿಡಿದುಕೊಂಡು ಕೂತರು. “ಬೆಚ್ಚಗ ಐತಿ” ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, “ಗಂಗವ್ವನ ಗಾಜ ಮರೀಬ್ಯಾಡ್ರಿ ಅಕ್ಕೋರ. ನಾ ಮಾತ ಕೊಟ್ಟೇನಿ” ಎಂದರು. ಮಳೆಗಾಲದಲ್ಲಿ ಜ್ವರ ಬಂದು ನಾಲ್ಕೇ ದಿನಕ್ಕೆ ಹೋದರು. ನನಗೆ ಅಪ್ಪ ಎರಡನೆಯ ಸಲ ಹೋದಂತಾಯಿತು.

ಯುದ್ಧ ಮುಗಿದು ಬಹಳ ದಿನದ ಮೇಲೆ ವಿಲಾಯಿತಿಯಿಂದ ಪೆಟ್ಟಿಗೆ ಬಂತು. ಹುಲ್ಲಿನೊಳಗೆ ಹೊಸ ಕುರಿ, ಬೆಂಕಿಯಲ್ಲಿ ಸುಟ್ಟು ಮಾಡಿದ ಬಣ್ಣ, ಎಂದೂ ಮಾಸದ್ದು. ಎದೆಯ ಮೇಲೆ ಕೆಂಪು ಹನಿ ಇತ್ತು. ಚಂದವೇ ಇತ್ತು. ಹಳೆಯದನ್ನು ಕಸದ ಗುಂಡಿಗೆ ಹಾಕಲು ದಾನಿಯೇಲ ಮಾಸ್ತರರು ಹೇಳಿದರು. ನಾನು ಏಣಿ ಹತ್ತಿ ಸೀಸದ ಪಟ್ಟಿಯನ್ನು ಚೂರುಚೂರೇ ಮಡಚಿ, ಒಂದು ಹಗಲು ಹಿಡಿದರೂ ಸರಿ ಎಂದು, ಗಾಜನ್ನು ಸೀಳದಂತೆ ಇಳಿಸಿದೆ. ಸೀರೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು ಜೀನಗಾರ ಓಣಿಗೆ ನಡೆದೆ.

ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಗೂಡಿನಲ್ಲಿ ಹಲ್ಲಿನ ಗುರುತಿನ ಮಾವಿನ ಹಣ್ಣು ಹಾಗೆಯೇ ಇತ್ತು. ಗಂಗವ್ವ ಕಾಕು ಗಾಜನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದರು. ಕೆಂಪು ಬಹಳ ಮಾಸಿತ್ತು, ಹಸಿರು ಇನ್ನೂ ಇತ್ತು.

“ಬಣ್ಣಾ ಒರಸಿ ಸ್ವಚ್ಛ ಮಾಡಿ ಕೊಡಲೇನು ಕಾಕು? ಎಣ್ಣಿ ತಂದೇನಿ” ಎಂದೆ.

“ಒರಸಾಕ ಹೋಗಬ್ಯಾಡ್ರಿ. ಅವರ ಕೈ ಐತಿ ಇದರಾಗ.”

ಪಟ ಇಳಿಸಿದರು. ಅರಿವೆ ತೆಗೆದು ಮಡಚಿಟ್ಟರು. ಗಾಜು ಚೌಕಟ್ಟಿನೊಳಗೆ ಕೂತಿತು. ಒಂದು ಬದಿಗೆ ಎರಡು ಬೆರಳು ಕಡಿಮೆ ಬಂದಲ್ಲಿ ಖಣದ ಬಟ್ಟೆಯ ಚೂರೊಂದನ್ನು ಒತ್ತಿ ಮುಚ್ಚಿದರು. ಗೋಡೆಗೆ ತೂಗುಹಾಕಿ ಇಬ್ಬರೂ ಹಿಂದೆ ಸರಿದು ನಿಂತೆವು. ಸುತ್ತಲೂ ಮಾಸಿದ ಕೆಂಪು, ಮೂಲೆಗೆ ಧ್ವಜ, ಬಣ್ಣ ಹಚ್ಚದೆ ಬಿಟ್ಟ ಕುರಿಯ ಮೈಯೊಳಗಿಂದ ಭವಾನಿಯ ಮುಖ ಕಾಣುತ್ತಿತ್ತು.

ಗಂಗವ್ವ ಕಾಕು ಕುಂಕುಮದ ಭರಣಿ ತಂದರು. ಇಷ್ಟು ವರ್ಷ ಗೋಡೆಗೆ ಹಚ್ಚಿದ್ದ ಕೈ. ಬೆರಳು ಅದ್ದಿ, ದೇವಿಯ ಹಣೆ ನೋಡಿ, ಗಾಜಿನ ಮೇಲೆ ಒತ್ತಿದರು. ಅದು ಬಿದ್ದದ್ದು ಕುರಿಯ ಎದೆಯ ಮೇಲೆ, ಕಾಕಾ ರಕ್ತದ ಹನಿ ಇಡಲು ಕುಂಚ ಎತ್ತಿ, ಇಡದೆ ಬಿಟ್ಟ ಜಾಗದಲ್ಲಿ. ಕುರಿಗೆ ಬಣ್ಣ ಮುಟ್ಟಿಸಬೇಡಿ ಎಂದು ಕಾಕಾ ಹೇಳಿದ್ದು ನೆನಪಾಯಿತು. ಒರೆಸಲೆಂದು ತಂದಿದ್ದ ಎಣ್ಣೆಯನ್ನು ಸೆರಗಿನಲ್ಲಿ ಕಟ್ಟಿಕೊಂಡೆ.